ಹೃದಯಾಘಾತವಾದ ರಾತ್ರಿಯೇ ಬೈಪಾಸ್ ಏಕೆ ಮಾಡಲಿಲ್ಲ?

ಹಿರಿಮಗಳು (ಮೂಲ ಪ್ರಶ್ನೆ)

ತಂದೆಗೆ 64 ವರ್ಷ. ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆ. ಮೊನ್ನೆ ನಸುಕಿನ ಮೂರು ಗಂಟೆಗೆ ಎದ್ದು ಕುಳಿತು, ಎದೆಯ ಮೇಲೆ ಯಾರೋ ಮೊಣಕಾಲೂರಿ ಒತ್ತಿದಂತಾಗುತ್ತಿದೆ ಎಂದರು. ಮೈಯೆಲ್ಲ ತಣ್ಣನೆಯ ಬೆವರು. ನಾವು ಆಸ್ಪತ್ರೆ ತಲುಪಿದಾಗ ನಾಲ್ಕು ಗಂಟೆ. ಇಸಿಜಿ ನೋಡಿದ ವೈದ್ಯರು ಒಂದಷ್ಟು ಮಾತ್ರೆ ನುಂಗಿಸಿ, ನನ್ನಿಂದ ಸಹಿ ಹಾಕಿಸಿಕೊಂಡು, ಅವರನ್ನು ಹೃದಯದ ನಾಳಗಳ ಪರೀಕ್ಷೆ, ಚಿಕಿತ್ಸೆ ನಡೆಯುವ ಕ್ಯಾಥ್ ಲ್ಯಾಬಿಗೆ ಕರೆದೊಯ್ದರು. ಹೃದಯದ ಬಲಭಾಗದ ರಕ್ತನಾಳ ಪೂರ್ತಿ ಮುಚ್ಚಿತ್ತಂತೆ. ಅದನ್ನು ಬಲೂನಿನಿಂದ ಹಿಗ್ಗಿಸಿ ತೆರೆದರು, ಸ್ಟೆಂಟ್ (ನಾಳವನ್ನು ತೆರೆದೇ ಇರಿಸುವ ಜಾಲರಿ ಕೊಳವೆ) ಹಾಕಲಿಲ್ಲ. ಎಡಗಡೆಯ ಎರಡು ನಾಳಗಳಲ್ಲೂ ದೊಡ್ಡ ಬ್ಲಾಕ್‌ಗಳಿವೆ, ಅವುಗಳಲ್ಲೊಂದು ಕವಲೊಡೆಯುವ ಜಾಗದಲ್ಲೇ ಇದೆ, ಬೈಪಾಸ್ (ಬ್ಲಾಕ್ ದಾಟಿ ರಕ್ತ ಹರಿಯುವಂತೆ ಬೇರೆ ನಾಳ ಹೊಲಿಯುವ ಶಸ್ತ್ರಚಿಕಿತ್ಸೆ) ಆಗಬೇಕು, ಆದರೆ ಈಗಲೇ ಅಲ್ಲ, ಐದಾರು ದಿನ ಬಿಟ್ಟು ಎಂದರು.

ತಂದೆ ಈಗ ಐಸಿಯುವಿನಲ್ಲಿ ಆರಾಮವಾಗಿಯೇ ಮಾತನಾಡುತ್ತಿದ್ದಾರೆ. ಆರಾಮವಿಲ್ಲದಿರುವುದು ನಮಗೆ. ಚಿಕ್ಕಪ್ಪ ಮೂರು ದಿನಗಳಿಂದ ಒಂದೇ ಮಾತು ಹಿಡಿದಿದ್ದಾರೆ: "ಮನೆಗೆ ಬೆಂಕಿ ಬಿದ್ದಾಗ ಐದು ದಿನ ಬಿಟ್ಟು ನೀರು ಹಾಕುವವರುಂಟೇ? ಸ್ಟೆಂಟೂ ಇಲ್ಲ, ಬೈಪಾಸೂ ಇಲ್ಲ, ಅರ್ಧ ಕೆಲಸ ಮಾಡಿ ಮಲಗಿಸಿದ್ದಾರೆ." ಬೇರೆ ಕಡೆಗೆ ಸಾಗಿಸೋಣ ಎಂದೂ ಹೇಳುತ್ತಿದ್ದಾರೆ. ಅವರಿಗೆ ಉತ್ತರ ಹೇಳುವಷ್ಟು ನನಗೇ ತಿಳಿದಿಲ್ಲ. ತಿಳಿದವರು ಬಿಡಿಸಿ ಹೇಳುವಿರಾ?

ಸಂದೇಹಿ

ನಿಮ್ಮ ಚಿಕ್ಕಪ್ಪನ ಪ್ರಶ್ನೆಯಲ್ಲಿ ತಪ್ಪೇನೂ ಕಾಣುವುದಿಲ್ಲ. ಹೇಗೂ ಬೈಪಾಸ್ ಬೇಕೆಂದ ಮೇಲೆ ಎರಡೆರಡು ಸಲ ಏಕೆ? ಒಂದೇ ಸಲಕ್ಕೆ ಮುಗಿಸಬಹುದಿತ್ತು.

ಕತ್ತರಿ ದಾರ

ನಾನು ಹೃದಯದ ಶಸ್ತ್ರಚಿಕಿತ್ಸಕ. ನಿಮ್ಮ ತಂದೆಯ ವರದಿಗಳನ್ನು ನೋಡಿಲ್ಲವಾದ್ದರಿಂದ ಅವರ ಬಗ್ಗೆ ತೀರ್ಪು ಕೊಡುವುದಿಲ್ಲ. ಸಾಮಾನ್ಯವಾಗಿ ನಾವು ಹೀಗೇಕೆ ಮಾಡುತ್ತೇವೆ ಎಂಬುದನ್ನು ಹೇಳಬಲ್ಲೆ.

ಚಿಕ್ಕಪ್ಪನವರ ಉಪಮೆ ಚೆನ್ನಾಗಿದೆ, ಆದ್ದರಿಂದ ಅದನ್ನೇ ಹಿಡಿದು ಹೊರಡುತ್ತೇನೆ. ಬೆಂಕಿಗೆ ನೀರು ಆ ರಾತ್ರಿಯೇ ಬಿತ್ತು. ಆ ಬಲೂನೇ ನೀರು. ಐದು ದಿನ ಬಿಟ್ಟು ಮಾಡುವುದು ಸುಟ್ಟ ಮನೆಯ ತೊಲೆ ಬದಲಾಯಿಸುವ ಕೆಲಸ.

ಹೃದಯದ ನಾಳವೊಂದು ಪೂರ್ತಿ ಮುಚ್ಚಿದರೆ, ಅದು ಸಾಕುತ್ತಿದ್ದ ಸ್ನಾಯು ಸುಮಾರು 20ರಿಂದ 40 ನಿಮಿಷಗಳಲ್ಲಿ ಸಾಯಲು ಆರಂಭಿಸುತ್ತದೆ. ಒಟ್ಟಿಗೆ ಸಾಯುವುದಿಲ್ಲ. ಒಳಪದರದಲ್ಲಿ ಶುರುವಾದ ಸಾವು ಅಲೆಯಂತೆ ಹೊರಪದರದ ಕಡೆಗೆ ಹರಡುತ್ತದೆ. ಆರು ಗಂಟೆ ಕಳೆಯುವಷ್ಟರಲ್ಲಿ ಉಳಿಸಿಕೊಳ್ಳಬಹುದಾದದ್ದರಲ್ಲಿ ಬಹುಪಾಲು ಕೈಬಿಟ್ಟು ಹೋಗಿರುತ್ತದೆ. ಹಾಗಾಗಿ ಆ ಹೊತ್ತಿನಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಮುಚ್ಚಿದ ಆ ಒಂದು ನಾಳವನ್ನು ಯಾವ ದಾರಿಯಿಂದ ಬೇಗ ತೆರೆಯಬಹುದು? ಉಳಿದ ಬ್ಲಾಕ್‌ಗಳು ನಿನ್ನೆಯೂ ಇದ್ದವು, ಬಹುಶಃ ಐದು ವರ್ಷಗಳಿಂದಲೂ ಇದ್ದವು.

ಮಣಿಕಟ್ಟಿನ ನಾಳದಿಂದ ತಂತಿ ತೂರಿಸಿ ಬಲೂನ್ ಉಬ್ಬಿಸಲು, ರೋಗಿ ಆಸ್ಪತ್ರೆಯ ಬಾಗಿಲು ದಾಟಿದ ಕ್ಷಣದಿಂದ 90 ನಿಮಿಷಗಳೊಳಗೆ ಎಂಬ ಗುರಿ ಇದೆ. ಒಳ್ಳೆಯ ತಂಡಗಳು ಅದಕ್ಕಿಂತ ಬೇಗ ಮುಗಿಸುತ್ತವೆ. ಈಗ ನನ್ನ ಕೆಲಸ ನೋಡಿ. ಎಲ್ಲಿ ಹೊಲಿಯಬೇಕೆಂದು ತಿಳಿಯಲು ನನಗೂ ಮೊದಲು ಆಂಜಿಯೋಗ್ರಾಂ, ಅಂದರೆ ನಾಳಗಳ ಎಕ್ಸ್-ರೇ ಚಿತ್ರ, ಬೇಕು. ಆಮೇಲೆ ತಂಡ ಸೇರಬೇಕು, ಅರಿವಳಿಕೆ ಕೊಡಬೇಕು, ಕತ್ತಿನ ನಾಳಕ್ಕೂ ತೋಳಿನ ನಾಳಕ್ಕೂ ಕೊಳವೆ ಹಾಕಬೇಕು, ಎದೆಮೂಳೆ ಸೀಳಬೇಕು, ಕಾಲಿನಿಂದ ಸಿರೆ ತೆಗೆಯಬೇಕು, ಹೃದಯ-ಶ್ವಾಸಕೋಶ ಯಂತ್ರಕ್ಕೆ ಜೋಡಿಸಬೇಕು. ಮೊದಲ ಗ್ರಾಫ್ಟಿನಲ್ಲಿ (ಹೊಲಿದ ಹೊಸ ನಾಳದಲ್ಲಿ) ರಕ್ತ ಹರಿಯುವ ಹೊತ್ತಿಗೆ, ಬಲೂನಿಗೆ ಹೋಲಿಸಿದರೆ ಎರಡು ಗಂಟೆ ಹಿಂದೆ ಬಿದ್ದಿರುತ್ತೇನೆ. ಅಷ್ಟರಲ್ಲಿ ನಾನು ಯಾವುದನ್ನು ಉಳಿಸಲು ಹೊರಟೆನೋ ಅದೇ ಉಳಿದಿರುವುದಿಲ್ಲ. ಸತ್ತ ಸ್ನಾಯುವಿಗೆ ಎಷ್ಟೇ ಚೆಂದದ ಗ್ರಾಫ್ಟ್ ಹೊಲಿದರೂ ಅದು ಮತ್ತೆ ಮಿಡಿಯುವುದಿಲ್ಲ.

ನನ್ನ ವೃತ್ತಿಯವನೇ ಹೀಗೆ ಹೇಳುವುದು ವಿಚಿತ್ರವೆನಿಸಬಹುದು. ಆದರೆ ಹೃದಯಾಘಾತದ ಮೊದಲ ಗಂಟೆಗಳಲ್ಲಿ ನಾನು ಬಾಗಿಲ ಹೊರಗೆ ನಿಂತಿರುವುದೇ ಹೆಚ್ಚಿನ ರೋಗಿಗಳಿಗೆ ಒಳ್ಳೆಯದು.

ಹಳೆಯ ನಾಡಿ

ನಿವೃತ್ತ ವೈದ್ಯ ನಾನು. ಒಂದು ಕಾಲದಲ್ಲಿ ಇದು ಹೀಗಿರಲಿಲ್ಲ ಎಂಬುದನ್ನು ಇಲ್ಲಿ ಯಾರಾದರೂ ನೆನಪಿಸಬೇಕು.

ಲೆನಿನ್‌ಗ್ರಾಡಿನಲ್ಲಿ ಕೊಲೆಸೊವ್ ಎದೆಯ ಒಳಗೋಡೆಯ ಧಮನಿಯನ್ನು ಹೃದಯದ ನಾಳಕ್ಕೆ ಹೊಲಿದದ್ದು 1964ರಲ್ಲಿ. ಕ್ಲೀವ್‌ಲೆಂಡಿನಲ್ಲಿ ಅರ್ಜೆಂಟೀನಾದ ಫವಲೊರೊ ಕಾಲಿನ ಸಿರೆಯನ್ನು ಬಳಸಿ ಬೈಪಾಸನ್ನು ಪ್ರಪಂಚಕ್ಕೆ ಪರಿಚಯಿಸಿದ್ದು 1967ರಲ್ಲಿ. ಗ್ರುಂಟ್ಸಿಗ್ ಜ್ಯೂರಿಕ್‌ನಲ್ಲಿ ಮೊದಲ ಬಾರಿಗೆ ಬಲೂನ್ ಉಬ್ಬಿಸಿದ್ದು 1977ರಲ್ಲಿ. ಅಂದರೆ ನಡುವಿನ ಹತ್ತು ವರ್ಷ, ಮುಚ್ಚಿದ ನಾಳಕ್ಕೆ ಕೈ ಹಾಕಲು ಇದ್ದ ದಾರಿ ಕತ್ತರಿಯೊಂದೇ. ಹೃದಯಾಘಾತದ ರೋಗಿಯನ್ನು ಹಾಸಿಗೆಯಲ್ಲಿ ಮಲಗಿಸಿ, ನೋವಿಗೆ ಮಾರ್ಫಿನ್ ಕೊಟ್ಟು, ಕಾಯುವುದೇ ಚಿಕಿತ್ಸೆ. ನಾಳದೊಳಗಿನ ರಕ್ತದ ಹೆಪ್ಪು ಹೃದಯಾಘಾತಕ್ಕೆ ಕಾರಣವೋ ಅಥವಾ ಹೃದಯ ಸತ್ತ ಮೇಲೆ ಕಟ್ಟುವಂಥದ್ದೋ ಎಂಬ ಜಗಳವೇ ಬಗೆಹರಿದಿರಲಿಲ್ಲ! ಇಂದಿನವರಿಗೆ ನಂಬಲು ಕಷ್ಟ.

ಆ ಜಗಳ ಮುಗಿಸಿದ್ದು ಅಮೆರಿಕದ ಸ್ಪೋಕೇನ್ ನಗರದ ವೈದ್ಯರು. ಹೃದಯಾಘಾತ ನಡೆಯುತ್ತಿರುವಾಗಲೇ ಆಂಜಿಯೋಗ್ರಾಂ ಮಾಡುವುದು ಆಗ ಹುಚ್ಚು ಧೈರ್ಯ. ಅವರು ಮಾಡಿದರು, ಏಕೆಂದರೆ ಅಲ್ಲಿ ಅಂಥ ರೋಗಿಗಳನ್ನು ತಕ್ಷಣ ಬೈಪಾಸಿಗೆ ಒಯ್ಯುವ ಪದ್ಧತಿ ಇತ್ತು. 1980ರಲ್ಲಿ ಡಿವುಡ್ ಮತ್ತು ಸಂಗಡಿಗರು ಪ್ರಕಟಿಸಿದ ಫಲಿತಾಂಶ: ನೋವು ಶುರುವಾದ ನಾಲ್ಕು ಗಂಟೆಗಳೊಳಗೆ ನೋಡಿದವರಲ್ಲಿ 87 ಪ್ರತಿಶತ ಮಂದಿಯ ನಾಳ ಪೂರ್ತಿ ಮುಚ್ಚಿತ್ತು. ತಡವಾಗಿ ನೋಡಿದವರಲ್ಲಿ ಈ ಪ್ರಮಾಣ ಕಡಿಮೆ. ಅಂದರೆ ಹೆಪ್ಪು ಮೊದಲು, ಸಾವು ಆಮೇಲೆ. ಗಮನಿಸಿ, ಇಂದಿನ ಹೃದಯಾಘಾತ ಚಿಕಿತ್ಸೆ ನಿಂತಿರುವ ಈ ಅಡಿಪಾಯವನ್ನು ಹಾಕಿಕೊಟ್ಟದ್ದೇ ತುರ್ತು ಬೈಪಾಸ್. ಬೇಗ ಶಸ್ತ್ರಚಿಕಿತ್ಸೆ ಆದವರಲ್ಲಿ ಅವರ ಫಲಿತಾಂಶಗಳು ಆ ಕಾಲಕ್ಕೆ ಚೆನ್ನಾಗಿಯೇ ಇದ್ದವು.

ಆಮೇಲೆ ಹೆಪ್ಪು ಕರಗಿಸುವ ಔಷಧಿ ಬಂತು. 1986ರಲ್ಲಿ ಇಟಲಿಯ ದೊಡ್ಡ ಅಧ್ಯಯನ, 1988ರಲ್ಲಿ ಹದಿನೇಳು ಸಾವಿರಕ್ಕೂ ಹೆಚ್ಚು ರೋಗಿಗಳ ಐಸಿಸ್-2 ಎಂಬ ಅಧ್ಯಯನ. ಹೆಪ್ಪು ಕರಗಿಸುವ ಸ್ಟ್ರೆಪ್ಟೊಕೈನೇಸ್ ಜೊತೆಗೆ ಒಂದು ಸಾಮಾನ್ಯ ಆಸ್ಪಿರಿನ್ ಮಾತ್ರೆ ಸೇರಿದರೆ ಎಷ್ಟು ಜೀವ ಉಳಿಯುತ್ತದೆ ಎಂಬುದು ಆಗ ಗೊತ್ತಾಯಿತು. ತೋಳಿಗೆ ಹಾಕುವ ಸೂಜಿ ಮಾಡುವ ಕೆಲಸಕ್ಕೆ ಎದೆ ಸೀಳುವುದೇಕೆ? 1990ರ ದಶಕದಲ್ಲಿ ಬಲೂನ್ ಆ ಸೂಜಿಯನ್ನೂ ಹಿಂದಿಕ್ಕಿತು. ತುರ್ತು ಬೈಪಾಸ್ ಸೋಲಲಿಲ್ಲ, ಅದಕ್ಕಿಂತ ಬೇಗ ಓಡುವವರು ಬಂದರು.

ಸಂದೇಹಿ

ಇತಿಹಾಸ ಸೊಗಸಾಗಿದೆ ಸರ್. ಆದರೆ ನನ್ನ ಭಾವನಿಗೆ ಹೃದಯಾಘಾತವಾದ ರಾತ್ರಿಯೇ, ಎರಡು ಗಂಟೆಗೆ ಬೈಪಾಸ್ ಮಾಡಿದರು. ಇಂದಿಗೂ ಗಟ್ಟಿಮುಟ್ಟಾಗಿದ್ದಾರೆ. ಹಾಗಾದರೆ ಅವರಿಗೆ ಮಾಡಿದ್ದು ತಪ್ಪೇ?

ನೈಸರ್ಗಿಕ

ಯಾವುದೂ ಬೇಡ. ದೇಹ ತಾನೇ ನೈಸರ್ಗಿಕ ಬೈಪಾಸ್ ಬೆಳೆಸಿಕೊಳ್ಳುತ್ತದೆ. ಕಷಾಯದಿಂದ ಬ್ಲಾಕ್ ಕರಗಿದವರನ್ನು ನಾನೇ ಕಂಡಿದ್ದೇನೆ.

ಕವಾಟ

@ನೈಸರ್ಗಿಕ, ಪಕ್ಕದ ಸಣ್ಣ ನಾಳಗಳು ದಪ್ಪವಾಗಿ ಬೇರೆ ದಾರಿಯಲ್ಲಿ ರಕ್ತ ತರುವುದು ನಿಜ. ಅದಕ್ಕೆ ನಿಧಾನವಾಗಿ ಕಿರಿದಾಗುವ ನಾಳ ಬೇಕು, ಸಾಕಷ್ಟು ಕಾಲ ಬೇಕು. ನಸುಕಿನ ಮೂರಕ್ಕೆ ಮುಚ್ಚಿದ ನಾಳಕ್ಕೆ ನಾಲ್ಕು ಗಂಟೆಯೊಳಗೆ ಯಾವ ಕಷಾಯವೂ ದಾರಿ ಬೆಳೆಸುವುದಿಲ್ಲ. ಈ ಎಳೆಯನ್ನು ಎದೆನೋವಿನ ನಡುವೆ ಯಾರಾದರೂ ಓದುತ್ತಿರಬಹುದು, ದಯವಿಟ್ಟು ಎಚ್ಚರವಿರಲಿ.

ನಾನು ಹೃದ್ರೋಗ ತಜ್ಞೆ, ಬಲೂನ್ ಉಬ್ಬಿಸುವ ಕಡೆಯವಳು. @ಸಂದೇಹಿ, ನಿಮ್ಮ ಭಾವನವರಿಗೆ ಮಾಡಿದ್ದು ಸರಿಯೇ ಇರಬಹುದು. ರಾತ್ರಿ ಎರಡಕ್ಕೆ ನಾವೇ ಫೋನ್ ಮಾಡಿ ಕತ್ತರಿ ದಾರ ಅವರಂಥವರನ್ನು ಎಬ್ಬಿಸುವ ಸಂದರ್ಭಗಳಿವೆ. ತಂತಿ ಮುಚ್ಚಿದ ಜಾಗವನ್ನು ದಾಟಲೇ ಇಲ್ಲ, ಅಥವಾ ದಾಟುವಾಗ ನಾಳದ ಗೋಡೆಯೇ ಸೀಳಿತು, ರೋಗಿಯ ನೋವು ಮಾತ್ರ ನಿಂತಿಲ್ಲ, ದೊಡ್ಡ ಪ್ರಮಾಣದ ಸ್ನಾಯು ಇನ್ನೂ ಅಪಾಯದಲ್ಲಿದೆ. ಅಥವಾ ಎಡಗಡೆಯ ನಾಳಗಳ ಮುಖ್ಯ ಕಾಂಡದಲ್ಲೇ ತೊಡಕಿನ ಬ್ಲಾಕ್, ಅಲ್ಲಿ ಬಲೂನ್ ಹಾಕುವುದೇ ಜೂಜು. ಇಂಥವರಿಗೆ ತುರ್ತು ಬೈಪಾಸ್ ಇಂದಿಗೂ ನಿಜವಾದ ಚಿಕಿತ್ಸೆ.

ಹೃದಯದ ಪಂಪೇ ಸೋತು, ರಕ್ತದೊತ್ತಡ ಕುಸಿದು, ಕೈಕಾಲು ತಣ್ಣಗಾಗುವ ಸ್ಥಿತಿ ಇದೆಯಲ್ಲ, ಕಾರ್ಡಿಯೋಜೆನಿಕ್ ಶಾಕ್, ಅದನ್ನು ಬೇರೆಯಾಗಿಯೇ ನೋಡಬೇಕು. 1999ರಲ್ಲಿ ಪ್ರಕಟವಾದ ಶಾಕ್ ಅಧ್ಯಯನದಲ್ಲಿ 302 ರೋಗಿಗಳಿದ್ದರು. ಒಂದು ಗುಂಪಿಗೆ ತಕ್ಷಣ ರಕ್ತಸಂಚಾರ ಮರಳಿಸಿದರು, ಇನ್ನೊಂದು ಗುಂಪನ್ನು ಮೊದಲು ಔಷಧಿಗಳಿಂದ ಸುಧಾರಿಸಲು ನೋಡಿದರು. ಮೂವತ್ತನೆಯ ದಿನಕ್ಕೆ ಸಾವಿನಲ್ಲಿ ಕಂಡ ವ್ಯತ್ಯಾಸ ಖಚಿತವಾಗಿ ನಂಬುವಷ್ಟು ದೊಡ್ಡದಿರಲಿಲ್ಲ. ಆರು ತಿಂಗಳಿಗೆ ಮೊದಲ ಗುಂಪಿನಲ್ಲಿ ಸುಮಾರು 50 ಪ್ರತಿಶತ, ಎರಡನೆಯದರಲ್ಲಿ 63 ಪ್ರತಿಶತ ಮಂದಿ ತೀರಿಕೊಂಡಿದ್ದರು. ನಾವು ಎಷ್ಟು ಕೆಟ್ಟ ಸ್ಥಿತಿಯ ಬಗ್ಗೆ ಮಾತನಾಡುತ್ತಿದ್ದೇವೆ ಎಂಬುದು ಈ ಅಂಕಿಗಳಿಂದಲೇ ತಿಳಿಯುತ್ತದೆ. ಗಮನಿಸಬೇಕಾದ್ದು, ರಕ್ತಸಂಚಾರ ಮರಳಿಸಿದವರಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಮಂದಿಗೆ ಮಾಡಿದ್ದು ಬೈಪಾಸ್. ಅವರ ನಾಳಗಳು ಬಲೂನಿನವರಿಗಿಂತ ಹೆಚ್ಚು ಹಾಳಾಗಿದ್ದರೂ, ಒಂದು ವರ್ಷದ ನಂತರ ಬದುಕುಳಿದವರ ಪ್ರಮಾಣ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಇತ್ತು.

ಆದರೂ ಶಾಕ್ ಇರುವ ರೋಗಿಯನ್ನು ಮೇಜಿನ ಮೇಲಿಟ್ಟುಕೊಂಡು ಎಲ್ಲವನ್ನೂ ಒಂದೇ ಏಟಿಗೆ ಸರಿಪಡಿಸುತ್ತೇನೆ ಎಂಬ ಹಟ ಒಳ್ಳೆಯದಲ್ಲ. ನಾವೇ ಬಲೂನಿನಿಂದ ಹಾಗೆ ಮಾಡಿ ನೋಡಿದ್ದೇವೆ. 2017ರ ಕಲ್ಪ್ರಿಟ್-ಶಾಕ್ ಅಧ್ಯಯನದಲ್ಲಿ, ಹೃದಯಾಘಾತಕ್ಕೆ ಕಾರಣವಾದ ತಪ್ಪಿತಸ್ಥ ನಾಳವೊಂದನ್ನೇ ತೆರೆದು ನಿಲ್ಲಿಸಿದವರು, ಎಲ್ಲ ನಾಳಗಳನ್ನೂ ಅದೇ ಹೊತ್ತಿನಲ್ಲಿ ತೆರೆಸಿಕೊಂಡವರಿಗಿಂತ ಹೆಚ್ಚು ಬದುಕಿದರು. ಅರ್ಧ ಕೆಲಸ ಎಂದು ಮನೆಯವರಿಗೆ ಅನಿಸುವುದು ಕೆಲವೊಮ್ಮೆ ಲೆಕ್ಕ ಹಾಕಿ ನಿಲ್ಲಿಸಿದ ಕೆಲಸ.

ಹಿರಿಮಗಳು

ತುಂಬ ಉಪಕಾರವಾಯಿತು. ಎರಡು ಪ್ರಶ್ನೆ ಉಳಿದಿವೆ ಮೇಡಂ. ಹೇಗೂ ಬಲೂನ್ ಹಾಕಿದ ಮೇಲೆ ಸ್ಟೆಂಟನ್ನೂ ಏಕೆ ಬಿಟ್ಟರು? ಮತ್ತೆ, ನೀರು ಬಿದ್ದು ಬೆಂಕಿ ಆರಿತೆಂದೇ ಇಟ್ಟುಕೊಳ್ಳೋಣ, ಮಾರನೆಯ ದಿನವೇ ಬೈಪಾಸ್ ಮಾಡಬಹುದಿತ್ತಲ್ಲ? ಐದು ದಿನ ಏಕೆ?

ಯಂತ್ರದ ಪಕ್ಕ

ಎರಡನೆಯದಕ್ಕೆ ನಾನು ಉತ್ತರಿಸಬಹುದೇ? ನಾನು ಪರ್ಫ್ಯೂಷನಿಸ್ಟ್, ಅಂದರೆ ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಹೃದಯ-ಶ್ವಾಸಕೋಶ ಯಂತ್ರ ನಡೆಸುವವನು. ಜನರಿಗೆ ನಮ್ಮ ಕೆಲಸ ಇದೆಯೆಂದೇ ತಿಳಿದಿರುವುದಿಲ್ಲ, ಸಿಕ್ಕಿದ ಅವಕಾಶ ಬಿಡಲಾರೆ.

ನಿಮ್ಮ ತಂದೆಗೆ ಮೊದಲು ನುಂಗಿಸಿದ ಮಾತ್ರೆಗಳಲ್ಲಿ ಆಸ್ಪಿರಿನ್ ಒಂದು, ಜೊತೆಗೆ ಟಿಕಾಗ್ರೆಲಾರ್ ಅಥವಾ ಕ್ಲೋಪಿಡೋಗ್ರೆಲ್ ಇದ್ದಿರಬೇಕು. ಹೆಪ್ಪು ಮತ್ತೆ ಕಟ್ಟದಂತೆ ಅವು ರಕ್ತದ ಕಿರುಬಿಲ್ಲೆಗಳ (ಪ್ಲೇಟ್‌ಲೆಟ್) ಕೈ ಕಟ್ಟಿಹಾಕುತ್ತವೆ. ಆ ರಾತ್ರಿ ಅದೇ ಬೇಕಾಗಿತ್ತು. ಆದರೆ ಅದೇ ಮಾತ್ರೆ ಬೈಪಾಸಿನ ವೈರಿ. ಯಂತ್ರಕ್ಕೆ ಜೋಡಿಸುವ ಮುನ್ನ ನಾವು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಕೊಟ್ಟು, ಹೆಪ್ಪುಗಟ್ಟುವ ಸಮಯವನ್ನು 480 ಸೆಕೆಂಡ್‌ಗಿಂತ ಮೇಲಕ್ಕೆ ಒಯ್ಯುತ್ತೇವೆ. ಕೊನೆಯಲ್ಲಿ ಪ್ರೊಟಮಿನ್ ಕೊಟ್ಟರೆ ಹೆಪಾರಿನ್ ಇಳಿಯುತ್ತದೆ. ಟಿಕಾಗ್ರೆಲಾರ್ ಹಾಗೆ ಇಳಿಯುವುದಿಲ್ಲ. ಹೊಸ ಕಿರುಬಿಲ್ಲೆಗಳನ್ನು ಚೀಲಗಟ್ಟಲೆ ಕೊಟ್ಟರೂ, ರಕ್ತದಲ್ಲಿ ತೇಲುತ್ತಿರುವ ಔಷಧಿ ಅವುಗಳ ಕೈಯನ್ನೂ ಕಟ್ಟುತ್ತದೆ. ಹೊಲಿಗೆ ಎಲ್ಲ ಸರಿಯಿದ್ದು, ಎದೆಯ ಮೂಲೆ ಮೂಲೆಯಿಂದ ರಕ್ತ ಒಸರುತ್ತಲೇ ಇರುವುದನ್ನು ನೋಡುತ್ತ ನಿಲ್ಲುವ ಆ ಒಂದು ಗಂಟೆ ಯಾರಿಗೂ ಬೇಡ. ಅದಕ್ಕೇ ತುರ್ತಿಲ್ಲದಿದ್ದರೆ ಟಿಕಾಗ್ರೆಲಾರ್ ನಿಲ್ಲಿಸಿ ಕನಿಷ್ಠ ಮೂರು ದಿನ (ಐದು ದಿನ ಕಾಯುವವರೂ ಇದ್ದಾರೆ), ಕ್ಲೋಪಿಡೋಗ್ರೆಲ್ ಆದರೆ ಐದು ದಿನ, ಅದೇ ಬಗೆಯ ಪ್ರಾಸುಗ್ರೆಲ್ ಆದರೆ ಏಳು ದಿನ ಕಾಯುತ್ತಾರೆ. ಆಸ್ಪಿರಿನ್ ಮುಂದುವರಿಯುತ್ತದೆ.

ಇನ್ನೊಂದು ಕಾರಣ ಹೃದಯದ್ದೇ. ಗ್ರಾಫ್ಟ್ ಹೊಲಿಯಲು ಸಾಮಾನ್ಯವಾಗಿ ಹೃದಯವನ್ನು ಪೊಟ್ಯಾಸಿಯಂ ಇರುವ ದ್ರಾವಣದಿಂದ ನಿಲ್ಲಿಸುತ್ತೇವೆ. ಆ ದ್ರಾವಣ ಹೃದಯವನ್ನು ಕಾಪಾಡಲೂ ಬೇಕು. ಅದು ಹೋಗುವುದು ಅದೇ ನಾಳಗಳ ಮೂಲಕ, ಮುಚ್ಚಿದ ಕಡೆಗೆ ಸರಿಯಾಗಿ ತಲುಪುವುದಿಲ್ಲ. ಸಿರೆಯ ಕಡೆಯಿಂದ ಹಿಮ್ಮುಖವಾಗಿ ಕಳುಹಿಸುವ ಉಪಾಯವೂ ಇದೆ. ಹಾಗಿದ್ದರೂ ನಿನ್ನೆ ತಾನೇ ಪೆಟ್ಟು ತಿಂದು ಊದಿಕೊಂಡ ಹೃದಯವನ್ನು ಇವತ್ತು ನಿಲ್ಲಿಸಿ, ಮತ್ತೆ ಓಡು ಎನ್ನುವುದು ದೊಡ್ಡ ಬೇಡಿಕೆ.

ಸಂದೇಹಿ

ಒಪ್ಪಿದೆ. ಆದರೆ ತಡ ಮಾಡಿದಷ್ಟೂ ಒಳ್ಳೆಯದು ಎಂಬುದಕ್ಕೆ ಲೆಕ್ಕವೇನಾದರೂ ಇದೆಯೇ, ಇಲ್ಲವೇ ಇದು ರೂಢಿಯೇ?

ಕತ್ತರಿ ದಾರ

ಲೆಕ್ಕವಿದೆ, ಲೆಕ್ಕದೊಳಗೆ ಒಂದು ಮೋಸವೂ ಇದೆ. ನ್ಯೂಯಾರ್ಕ್ ರಾಜ್ಯದ ಬೈಪಾಸ್ ದಾಖಲೆಗಳನ್ನು ಜಾಲಾಡಿದವರು ಕಂಡದ್ದು: ಸ್ನಾಯುವಿನ ಪೂರ್ಣ ದಪ್ಪಕ್ಕೆ ಪೆಟ್ಟು ಬಿದ್ದವರಲ್ಲಿ, ಮೊದಲ ಮೂರು ದಿನಗಳೊಳಗೆ ಶಸ್ತ್ರಚಿಕಿತ್ಸೆ ಆದರೆ ಸಾವಿನ ಅಪಾಯ ಹೆಚ್ಚು, ದಿನ ಕಳೆದಂತೆ ಅದು ಇಳಿಯುತ್ತದೆ. ಆದರೆ ಮೊದಲ ದಿನವೇ ಮೇಜಿಗೆ ಬರುವವರು ಯಾರು? ಬೇರೆ ದಾರಿಯಿಲ್ಲದವರು, ಅತಿ ಕೆಟ್ಟ ಸ್ಥಿತಿಯಲ್ಲಿರುವವರು. ಹತ್ತನೆಯ ದಿನ ಬರುವವರು ಯಾರು? ಒಂಬತ್ತು ದಿನ ಬದುಕಿ ಉಳಿದವರು. ಇವರಿಬ್ಬರನ್ನು ಅಕ್ಕಪಕ್ಕ ನಿಲ್ಲಿಸಿ "ನೋಡಿ, ಕಾದರೆ ಒಳ್ಳೆಯದು" ಎಂದರೆ ಅದು ಪೂರ್ತಿ ನ್ಯಾಯವಲ್ಲ. ರೋಗದ ತೀವ್ರತೆಯನ್ನು ಲೆಕ್ಕಕ್ಕೆ ಹಿಡಿದ ಮೇಲೂ ಮೊದಲ ದಿನಗಳ ಅಪಾಯ ಸ್ವಲ್ಪ ಉಳಿಯುತ್ತದೆ, ಅದು ಬೇರೆ ಮಾತು.

ಆದ್ದರಿಂದ ಗಡಿಯಾರ ನೋಡಿ ಕಾಯುವುದಿಲ್ಲ, ರೋಗಿಯನ್ನು ನೋಡಿ ಕಾಯುತ್ತೇವೆ. ನೋವು ಮರಳಿದರೆ, ಇಸಿಜಿ ಬದಲಾದರೆ, ಒತ್ತಡ ಕುಸಿದರೆ ಐದು ದಿನದ ಲೆಕ್ಕ ಅಲ್ಲಿಗೇ ಮುಗಿಯಿತು, ರಕ್ತ ಒಸರಿದರೆ ಒಸರಲಿ ಎಂದು ಅಂದೇ ಒಳಗೆ ಒಯ್ಯುತ್ತೇವೆ. ನಿಮ್ಮ ತಂದೆ ಐಸಿಯುವಿನಲ್ಲಿ ಆರಾಮವಾಗಿ ಮಾತನಾಡುತ್ತಿದ್ದಾರೆ ಎಂದಿರಲ್ಲ, ಅದೇ ಕಾಯುವುದಕ್ಕೆ ಸಿಕ್ಕಿರುವ ಅನುಮತಿ.

ಬೇರೆ ಕಡೆಗೆ ಸಾಗಿಸುವ ಮಾತು ನನಗೆ ಹಿಡಿಸಲಿಲ್ಲ. ಎರಡನೇ ಅಭಿಪ್ರಾಯ ಬೇಕಿದ್ದರೆ ಆಂಜಿಯೋಗ್ರಾಂನ ಪ್ರತಿ ಕೊಡಲು ಕೇಳಿ. ಅದನ್ನು ಇನ್ನೊಬ್ಬರಿಗೆ ಕಳುಹಿಸಿ ತೋರಿಸಬಹುದು. ಪ್ರಯಾಣ ಮಾಡಬೇಕಾದದ್ದು ಚಿತ್ರ, ನಿಮ್ಮ ತಂದೆಯಲ್ಲ.

ಕವಾಟ

ಸ್ಟೆಂಟಿನ ಪ್ರಶ್ನೆ ನನಗೆ ಉಳಿಯಿತು. ಹೊಸ ಸ್ಟೆಂಟ್ ಹಾಕಿದರೆ ಆಸ್ಪಿರಿನ್ ಜೊತೆ ಎರಡನೇ ಮಾತ್ರೆಯನ್ನೂ ಬಿಡುವಂತಿಲ್ಲ, ಬಿಟ್ಟರೆ ಸ್ಟೆಂಟಿನೊಳಗೇ ಹೆಪ್ಪು ಕಟ್ಟಬಹುದು. ಬೈಪಾಸಿಗೆ ಅದೇ ಮಾತ್ರೆಯನ್ನು ನಿಲ್ಲಿಸಬೇಕು. ಅತ್ತ ದರಿ, ಇತ್ತ ಪುಲಿ. ಹೆಚ್ಚಿನ ಹೃದಯಾಘಾತಗಳಲ್ಲಿ ಸ್ಟೆಂಟ್ ಹಾಕುವುದೇ ಸರಿ. ಆದರೆ ಉಳಿದ ನಾಳಗಳನ್ನು ನೋಡಿದ ತಕ್ಷಣ "ಇವರಿಗೆ ಬೈಪಾಸ್ ಖಂಡಿತ" ಎಂದು ಕಂಡರೆ, ಬಲೂನಿನಿಂದಲೇ ರಕ್ತ ಚೆನ್ನಾಗಿ ಹರಿಯತೊಡಗಿದರೆ, ಅಲ್ಲಿಗೇ ನಿಲ್ಲಿಸುವುದುಂಟು. ಹಾಗೆ ನಿಲ್ಲಿಸಲು ಧೈರ್ಯ ಬೇಕು, ಏಕೆಂದರೆ ಹೊರಗೆ ಒಬ್ಬ ಚಿಕ್ಕಪ್ಪ ಕಾಯುತ್ತಿರುತ್ತಾರೆ.

ಉಳಿದೆರಡಕ್ಕೂ ಸ್ಟೆಂಟನ್ನೇ ಹಾಕಬಹುದಿತ್ತಲ್ಲ ಎಂದು ಮುಂದೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಸಕ್ಕರೆ ಕಾಯಿಲೆ ಇದ್ದು ಹಲವು ನಾಳಗಳು ಕೆಟ್ಟವರಲ್ಲಿ ಬೈಪಾಸೇ ಮೇಲು ಎಂದು 2012ರ ಫ್ರೀಡಂ ಅಧ್ಯಯನ ತೋರಿಸಿತು. ಐದು ವರ್ಷಗಳಲ್ಲಿ ಸಾವು, ಹೃದಯಾಘಾತ, ಪಾರ್ಶ್ವವಾಯು ಸೇರಿ ಸ್ಟೆಂಟ್ ಗುಂಪಿನಲ್ಲಿ 26.6 ಪ್ರತಿಶತ, ಬೈಪಾಸ್ ಗುಂಪಿನಲ್ಲಿ 18.7. ಪಾರ್ಶ್ವವಾಯು ಮಾತ್ರ ಬೈಪಾಸಿನಲ್ಲಿ ಹೆಚ್ಚು, ಅದನ್ನು ಮುಚ್ಚಿಡಬಾರದು. ಆ ಅಧ್ಯಯನ ಹೃದಯಾಘಾತದ ನಡುವಿನಲ್ಲಿದ್ದವರ ಮೇಲೆ ನಡೆದದ್ದಲ್ಲ. ಬೆಂಕಿ ಆರಿದ ಮೇಲಿನ ನಿರ್ಧಾರಕ್ಕೆ ಅದು ದಾರಿ ತೋರುತ್ತದೆ.

ಎರಡನೇ ಇನಿಂಗ್ಸ್

ತಜ್ಞರ ನಡುವೆ ಒಬ್ಬ ರೋಗಿ. ನನಗೆ ಆದದ್ದು ನಿಜವಾದ ತುರ್ತು ಬೈಪಾಸ್, ಸ್ಟೆಂಟ್ ಹಾಕಲು ಹೋಗಿ ಆಗದೆ. ಕ್ಯಾಥ್ ಲ್ಯಾಬಿನ ಮೇಜಿನಿಂದ ನೇರವಾಗಿ ಆಪರೇಷನ್ ಕೋಣೆಗೆ. ಹೆಂಡತಿಗೆ ಕಾಗದ ಓದಲೂ ಸಮಯ ಕೊಡಲಿಲ್ಲ ಎಂದು ಅವಳು ಈಗಲೂ ಹೇಳುತ್ತಾಳೆ. ಎರಡನೆಯ ದಿನ ರಕ್ತ ನಿಲ್ಲದೆ ಮತ್ತೊಮ್ಮೆ ಎದೆ ತೆರೆದರು. ಯಂತ್ರದ ಪಕ್ಕ ಅವರು ಬರೆದ ಆ ಒಸರುವ ರಕ್ತ ನನ್ನದೇ ಎನಿಸಿತು ಓದುವಾಗ. ಬದುಕಿದೆ, ಚೆನ್ನಾಗಿದ್ದೇನೆ. ಆದರೆ ಐದು ದಿನ ಕಾಯುವ ಆಯ್ಕೆ ನನಗೆ ಇದ್ದಿದ್ದರೆ ಕಾಯುತ್ತಿದ್ದೆ.

ಎಚ್ಚರವಾದಾಗ ಗಂಟಲಲ್ಲಿ ಕೊಳವೆ ಇರುತ್ತದೆ, ಮಾತು ಬರುವುದಿಲ್ಲ. ಇದನ್ನು ತಂದೆಗೆ ಮೊದಲೇ ಹೇಳಿಡಿ. ನನಗೆ ಯಾರೂ ಹೇಳಿರಲಿಲ್ಲ, ಸತ್ತಿದ್ದೇನೆ ಎಂದೇ ತಿಳಿದೆ.

ಓದುಗ 7

ಹೃದಯಾಘಾತ, ಹೃದಯಸ್ತಂಭನ ಎರಡೂ ಒಂದೇ ಅಲ್ಲವೇ?

ಕವಾಟ

ಅಲ್ಲ. ಮೊದಲನೆಯದರಲ್ಲಿ ಒಂದು ನಾಳ ಮುಚ್ಚುತ್ತದೆ, ಹೃದಯ ಮಿಡಿಯುತ್ತಲೇ ಇರಬಹುದು. ಎರಡನೆಯದರಲ್ಲಿ ಮಿಡಿತವೇ ನಿಲ್ಲುತ್ತದೆ, ಎದೆ ಒತ್ತುವುದನ್ನು ಆ ಕ್ಷಣವೇ ಶುರು ಮಾಡಬೇಕು. ಮೊದಲನೆಯದು ಎರಡನೆಯದಕ್ಕೆ ಕಾರಣವಾಗುವುದುಂಟು.

ಹಳೆಯ ನಾಡಿ

ಇನ್ನೊಂದು ಸಂಗತಿ ಬಿಟ್ಟುಹೋಯಿತು. ಹೃದಯಾಘಾತದ ಕೆಲವು ದಿನಗಳ ನಂತರ ಸತ್ತ ಸ್ನಾಯು ಹರಿಯುವುದುಂಟು: ಎರಡು ಕೋಣೆಗಳ ನಡುವಿನ ಗೋಡೆ ತೂತಾಗುವುದು, ಅಥವಾ ಕವಾಟವನ್ನು ಹಿಡಿದಿರುವ ಸ್ನಾಯು ಕಡಿದುಹೋಗುವುದು. ಬಲೂನ್ ಯುಗದಲ್ಲಿ ಇದು ನೂರರಲ್ಲಿ ಒಬ್ಬರಿಗೂ ಆಗದಷ್ಟು ಅಪರೂಪ. ಆದಾಗ ಮಾತ್ರ ಶಸ್ತ್ರಚಿಕಿತ್ಸೆಯೇ ಮುಖ್ಯ ದಾರಿ. ಆ ಸ್ನಾಯುವಿಗೆ ಹೊಲಿಗೆ ಹಾಕುವುದು ನೆನೆದ ಕಾಗದಕ್ಕೆ ಹೊಲಿಗೆ ಹಾಕಿದಂತೆ ಎಂದು ನನ್ನ ಸಹೋದ್ಯೋಗಿಯೊಬ್ಬರು ಹೇಳುತ್ತಿದ್ದರು.

ಹಿರಿಮಗಳು

ಎಲ್ಲರಿಗೂ: ಶಸ್ತ್ರಚಿಕಿತ್ಸೆ ನಿನ್ನೆ ಆಯಿತು, ಹೃದಯಾಘಾತದ ಏಳನೆಯ ದಿನ. ಮೂರು ಗ್ರಾಫ್ಟ್. ಎದೆಯೊಳಗಿನ ಧಮನಿಯನ್ನು ಎಡಗಡೆಯ ಮುಂಭಾಗದ ನಾಳಕ್ಕೆ, ಕಾಲಿನ ಸಿರೆಗಳನ್ನು ಉಳಿದೆರಡಕ್ಕೆ. ಇಂದು ಬೆಳಿಗ್ಗೆ ಕೊಳವೆ ತೆಗೆದರು. ಅದರ ಬಗ್ಗೆ ಮೊದಲೇ ಹೇಳಿಟ್ಟಿದ್ದರಿಂದ ಗಾಬರಿಯಾಗಲಿಲ್ಲವಂತೆ, ಎರಡನೇ ಇನಿಂಗ್ಸ್ ಅವರಿಗೆ ತಂದೆಯ ಪರವಾಗಿ ವಂದನೆ.

ಈ ಎಳೆಯನ್ನು ಚಿಕ್ಕಪ್ಪನಿಗೆ ಓದಿ ಹೇಳಿದೆ. ಬೆಂಕಿಯ ವಿಷಯ ಕೈಬಿಟ್ಟಿದ್ದಾರೆ. ಈಗ ಹೊಸದು: ಕಾಲಿನ ಸಿರೆಯನ್ನೇ ತೆಗೆದರೆ ಕಾಲಿನ ಗತಿಯೇನು?

ಕತ್ತರಿ ದಾರ

ತೆಗೆಯುವುದು ಚರ್ಮದ ಕೆಳಗಿನ ಸಿರೆ. ಕಾಲಿನ ರಕ್ತವನ್ನು ಮೇಲಕ್ಕೆ ಒಯ್ಯುವ ಮುಖ್ಯ ಕೆಲಸ ಆಳದ ಸಿರೆಗಳದ್ದು, ಅವು ಅಲ್ಲೇ ಇವೆ. ಕೆಲವು ವಾರ ಪಾದ ಊದಬಹುದು. ಕುಳಿತಾಗ ಕಾಲನ್ನು ಎತ್ತರದಲ್ಲಿ ಇಟ್ಟುಕೊಳ್ಳಲು ಹೇಳಿ. ಗಾಯ ಕೆಂಪಾಗಿ ಬಿಸಿಯಾದರೆ, ಒಂದೇ ಕಾಲಿನ ಮೀನಖಂಡ ಬಿಗಿದು ನೋವು ಬಂದರೆ, ಅಂದೇ ತೋರಿಸಿ.